ಕಿರುನೆಲ್ಲಿಗೆ ನಡೆದ ಪರೀಕ್ಷೆ

ಮುಲ್ಲೈ ಪೆರಿಯಾರಿನ ನೀರು ಕಾಲುವೆಗಳಿಗೆ ಇಳಿದು ಕಂಬಂ ಕಣಿವೆಯ ಗದ್ದೆಗಳು ಹಸುರಾಗುವ ಹೊತ್ತಿಗೆ, ಬದುಗಳ ಮೇಲೆ ಯಾರೂ ಬಿತ್ತದ ಒಂದು ಗಿಡವೂ ತಾನಾಗಿ ತಲೆಯೆತ್ತುತ್ತದೆ. ಗೇಣುದ್ದದ ಗಿಡ, ಹುಣಿಸೆಯ ಎಲೆಯನ್ನು ನೆನಪಿಸುವ ಪುಟ್ಟ ಎಲೆಗಳ ಸಾಲು, ಆ ಸಾಲಿನ ಅಡಿಯಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ ಹಸುರು ಕಾಯಿಗಳು. ಕಾಯಿ ಎಲೆಯ ಕೆಳಗೆ ಇರುವುದರಿಂದ ತಮಿಳಿನಲ್ಲಿ ಅದಕ್ಕೆ ಕೀಳಾನೆಲ್ಲಿ ಎಂಬ ಹೆಸರು. ಕನ್ನಡದಲ್ಲಿ ಕಿರುನೆಲ್ಲಿ, ನೆಲನೆಲ್ಲಿ.

ತೇನಿ, ಕಂಬಂ, ದಿಂಡಿಗಲ್ ಸೀಮೆಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ಒಕ್ಕಲಿಗರೂ ಅನುಪ್ಪರೂ ಹೊರಗೆ ತಮಿಳು, ಮನೆಯೊಳಗೆ ಕನ್ನಡ ಎಂಬ ಎರಡು ನುಡಿಯ ಬಾಳನ್ನು ಬಾಳುತ್ತ ಬಂದವರು. ನುಡಿ ಎರಡಾದರೂ ಕಾಮಾಲೆಗೆ ಮದ್ದು ಒಂದೇ. ಕಣ್ಣು ಹಳದಿಯಾಯಿತು, ಮೂತ್ರ ಕೆಂಪೇರಿತು, ಅನ್ನದ ವಾಸನೆಯೇ ಸೇರದಾಯಿತು ಎಂದಾಗ ಹಿರಿಯರು ಬದುವಿಗೆ ಹೋಗಿ ಕಿರುನೆಲ್ಲಿಯನ್ನು ಬೇರುಸಹಿತ ಕಿತ್ತು ತಂದು, ತೊಳೆದು, ಅರೆದು, ಮಜ್ಜಿಗೆಯಲ್ಲೋ ಹಾಲಿನಲ್ಲೋ ಕದಡಿ ಬರಿಹೊಟ್ಟೆಗೆ ಕುಡಿಸುವುದು ದಕ್ಷಿಣದ ಹಳ್ಳಿಗಳಲ್ಲೆಲ್ಲ ಕಂಡುಬರುವ ರೂಢಿ. ಉಪ್ಪು, ಎಣ್ಣೆಗಳ ಪಥ್ಯವೂ ಅದರ ಜೊತೆಗೇ ನಡೆಯುತ್ತದೆ. ಕೆಲವು ವಾರಗಳಲ್ಲಿ ಕಣ್ಣು ಬೆಳ್ಳಗಾಗುತ್ತದೆ. ಮದ್ದು ಗೆದ್ದಿತೆಂದು ಮನೆಯವರು ನೆಮ್ಮದಿಪಡುತ್ತಾರೆ.

ಈ ನೆಮ್ಮದಿಗೆ ಎಷ್ಟು ಆಧಾರವಿದೆ ಎಂಬ ಪ್ರಶ್ನೆ ಒಂದು ಕಾಲದಲ್ಲಿ ಜಗತ್ತಿನ ಅತ್ಯಂತ ಗಂಭೀರವಾದ ಪ್ರಯೋಗಾಲಯಗಳನ್ನು ತಲುಪಿತ್ತು. ಚೆನ್ನೈಯ ವೈದ್ಯವಿಜ್ಞಾನಿಗಳೂ ಅಮೆರಿಕದ ನೊಬೆಲ್ ಪುರಸ್ಕೃತ ಸಂಶೋಧಕರೊಬ್ಬರೂ ಈ ಗಿಡದ ಹಿಂದೆ ಬಿದ್ದರು. ಅಳಿಲಿನ ಕುಲಕ್ಕೆ ಸೇರಿದ ಒಂದು ಪ್ರಾಣಿಯ ಮೇಲೂ, ಬಾತುಕೋಳಿಗಳ ಮೇಲೂ, ಮನುಷ್ಯರ ಮೇಲೂ ಅದರ ಪರೀಕ್ಷೆ ನಡೆಯಿತು. ಆ ಕಥೆಯನ್ನು ತಿಳಿದರೆ ಕಾಮಾಲೆ ಬಂದ ಮನೆಯಲ್ಲಿ ಏನು ಮಾಡಬೇಕು, ಏನನ್ನು ನಂಬಿ ಕೂರಬಾರದು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಕಾಮಾಲೆ ಒಂದು, ಕಾರಣ ಹಲವು

ಕಾಮಾಲೆ ಎಂಬುದು ರೋಗವಲ್ಲ, ರೋಗದ ಗುರುತು. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಉಂಟಾಗುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಹೊರಹಾಕುವ ಕೆಲಸ ಯಕೃತ್ತಿನದು, ಅಂದರೆ ಶಾಲಾಪುಸ್ತಕಗಳು ಪಿತ್ತಜನಕಾಂಗವೆಂದು ಕರೆಯುವ ಅಂಗದ್ದು. ಯಾವ ಕಾರಣದಿಂದಲಾದರೂ ಈ ಕೆಲಸ ನಿಂತರೆ ಹಳದಿ ಬಣ್ಣ ರಕ್ತದಲ್ಲಿ ಉಳಿದು ಕಣ್ಣಿಗೂ ಚರ್ಮಕ್ಕೂ ಏರುತ್ತದೆ. ಮದ್ಯಪಾನ, ಪಿತ್ತನಾಳದ ಕಲ್ಲು, ಕೆಲವು ಔಷಧಗಳು, ಇಲಿಜ್ವರ, ಇವೆಲ್ಲವೂ ಕಾಮಾಲೆಯನ್ನು ತರಬಲ್ಲವು. ಹೆಪಟೈಟಿಸ್ ಎಂಬ ಯಕೃತ್ತಿನ ಉರಿಯೂತವನ್ನು ಉಂಟುಮಾಡುವ ಎ, ಬಿ, ಸಿ, ಡಿ, ಇ ಎಂಬ ಐದು ವೈರಾಣುಗಳೂ ತರಬಲ್ಲವು.

ಇವುಗಳಲ್ಲಿ ಎ ಮತ್ತು ಇ ಕಲುಷಿತ ನೀರು, ಆಹಾರಗಳಿಂದ ಹರಡುವಂಥವು. ಬಹುಪಾಲು ರೋಗಿಗಳಲ್ಲಿ ಶರೀರವೇ ಕೆಲವು ವಾರಗಳಲ್ಲಿ ಅವುಗಳನ್ನು ಹೊರದೂಡುತ್ತದೆ. ಗರ್ಭಿಣಿಯರಿಗೆ ಮಾತ್ರ ಇ ವೈರಾಣು ಪ್ರಾಣಾಪಾಯವನ್ನು ತರಬಹುದು. ತಾನಾಗಿ ವಾಸಿಯಾಗುವ ರೋಗಕ್ಕೆ ಯಾವ ಮದ್ದು ಕೊಟ್ಟರೂ ಕೀರ್ತಿ ಮದ್ದಿಗೇ ಸಲ್ಲುತ್ತದೆ. ಕಿರುನೆಲ್ಲಿಗೆ ಸಂದ ಕೀರ್ತಿಯಲ್ಲಿ ದೊಡ್ಡ ಪಾಲು ಈ ಬಗೆಯದು.

ಬಿ ವೈರಾಣುವಿನ ಸ್ವಭಾವ ಬೇರೆ. ಅದು ರಕ್ತದ ಮೂಲಕ, ಶುದ್ಧಗೊಳಿಸದ ಸೂಜಿಯ ಮೂಲಕ, ದೈಹಿಕ ಸಂಪರ್ಕದ ಮೂಲಕ, ಎಲ್ಲಕ್ಕಿಂತ ಮುಖ್ಯವಾಗಿ ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಹರಡುತ್ತದೆ. ವಯಸ್ಕರಿಗೆ ತಗುಲಿದರೆ ನೂರರಲ್ಲಿ ಸುಮಾರು 95 ಮಂದಿ ಅದನ್ನು ಗೆಲ್ಲುತ್ತಾರೆ. ಹುಟ್ಟುವಾಗಲೇ ತಗುಲಿದರೆ ಲೆಕ್ಕ ತಲೆಕೆಳಗಾಗುತ್ತದೆ: ನೂರರಲ್ಲಿ ಸುಮಾರು 90 ಶಿಶುಗಳಲ್ಲಿ ಅದು ಬಾಳಿನುದ್ದಕ್ಕೂ ಉಳಿದುಬಿಡುತ್ತದೆ. ಕಣ್ಣು ಹಳದಿಯಾಗುವುದಿಲ್ಲ, ಜ್ವರ ಬರುವುದಿಲ್ಲ. ಮಗು ಆಡುತ್ತದೆ, ಓದುತ್ತದೆ, ದೊಡ್ಡದಾಗುತ್ತದೆ. ಮೂವತ್ತು ನಲವತ್ತು ವರ್ಷಗಳ ಬಳಿಕ ಯಕೃತ್ತು ಗಂಟುಗಟ್ಟಿದೆ, ಇಲ್ಲವೇ ಕ್ಯಾನ್ಸರ್ ಆಗಿದೆ ಎಂದು ತಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನಂತೆ ಜಗತ್ತಿನಲ್ಲಿ 25.4 ಕೋಟಿ ಜನರಲ್ಲಿ ಈ ವೈರಾಣು ಹೀಗೆ ನೆಲೆಸಿದೆ; ಭಾರತದಲ್ಲಿಯೇ ಸುಮಾರು 2.98 ಕೋಟಿ ಜನ.

ನಾಲ್ಕೇ ಜೀನುಗಳ ಶತ್ರು

ಈ ವೈರಾಣುವಿನ ಮೊದಲ ಸುಳಿವು ಸಿಕ್ಕಿದ್ದು ಬರೂಕ್ ಬ್ಲಂಬರ್ಗ್ ಎಂಬ ಅಮೆರಿಕದ ವೈದ್ಯವಿಜ್ಞಾನಿಗೆ. ಬೇರೆ ಬೇರೆ ಜನಾಂಗಗಳ ರಕ್ತದಲ್ಲಿನ ವ್ಯತ್ಯಾಸಗಳನ್ನು ಹುಡುಕುತ್ತಿದ್ದ ಅವರಿಗೆ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಅಪರಿಚಿತ ಪ್ರೋಟೀನು ಕಂಡಿತು. 1965ರಲ್ಲಿ ಅದನ್ನು ‘ಆಸ್ಟ್ರೇಲಿಯ ಪ್ರತಿಜನಕ’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅದು ಹೆಪಟೈಟಿಸ್ ಬಿ ವೈರಾಣುವಿನ ಹೊರಕವಚದ ಪ್ರೋಟೀನು ಎಂಬುದು ಆಮೇಲೆ ತಿಳಿಯಿತು. 1976ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಅವರು ಹುಟ್ಟಿದ ಜುಲೈ 28ನ್ನೇ ಇಂದು ವಿಶ್ವ ಹೆಪಟೈಟಿಸ್ ದಿನವಾಗಿ ಆಚರಿಸುತ್ತಾರೆ.

ಬಿ ವೈರಾಣುವಿನ ವಂಶಲಿಪಿ ಅತ್ಯಂತ ಚಿಕ್ಕದು: ಸುಮಾರು 3,200 ಅಕ್ಷರಗಳ ಒಂದು ಡಿಎನ್‌ಎ ಬಳೆ. ಮನುಷ್ಯನ ವಂಶಲಿಪಿ ಮುನ್ನೂರು ಕೋಟಿ ಅಕ್ಷರಗಳದ್ದು. ಅಷ್ಟು ಚಿಕ್ಕ ಬಳೆಯಲ್ಲಿ ಎಸ್, ಸಿ, ಪಿ, ಎಕ್ಸ್ ಎಂಬ ನಾಲ್ಕೇ ಜೀನುಗಳು. ಜಾಗ ಸಾಲದೆ ಒಂದರ ಮೇಲೊಂದು ಹಾಸಿಕೊಂಡಿವೆ. ಎಸ್ ಹೊರಕವಚದ ಪ್ರೋಟೀನನ್ನು ಕೊಡುತ್ತದೆ. ಸಿ ಒಳಗಿನ ಡಬ್ಬಿಯ ಪ್ರೋಟೀನನ್ನೂ, ರಕ್ತಕ್ಕೆ ಸೋರಿಬಿಡುವ ಇ ಪ್ರತಿಜನಕವನ್ನೂ ಕೊಡುತ್ತದೆ. ಪಿ ಕೊಡುವುದು ಪಾಲಿಮರೇಸ್ ಎಂಬ, ಹೊಸ ಪ್ರತಿ ತೆಗೆಯುವ ಕಿಣ್ವವನ್ನು. ನಾಲ್ಕನೆಯ ಪ್ರೋಟೀನಿನ ಕೆಲಸ ಏನೆಂದು ಗೊತ್ತಾಗದಿದ್ದ ಕಾಲದಲ್ಲಿ ಅದಕ್ಕೆ ಬೀಜಗಣಿತದ ಅಜ್ಞಾತ ಸಂಖ್ಯೆಯ ಹೆಸರೇ ಬಂದಿತು: ಎಕ್ಸ್.

ಈ ಪ್ರೋಟೀನುಗಳ ಪೈಕಿ ಯಾವುದು ಯಾವ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯದೆ ಮದ್ದನ್ನು ಹುಡುಕುವುದು ಕತ್ತಲಲ್ಲಿ ಕಲ್ಲು ಬೀಸಿದಂತೆ. ಆದರೆ ತಿಳಿಯುವುದು ಹೇಗೆ? ಬೇಕೆಂದೇ ಮನುಷ್ಯರಿಗೆ ಸೋಂಕು ತಗುಲಿಸುವಂತಿಲ್ಲ. ಪ್ರಯೋಗಾಲಯದ ಸಾಮಾನ್ಯ ಇಲಿಗೆ ಈ ವೈರಾಣು ತಗುಲುವುದೇ ಇಲ್ಲ. ಚಿಂಪಾಂಜಿಗೆ ತಗುಲುತ್ತದೆ, ಆದರೆ ಅಳಿವಿನ ಅಂಚಿನಲ್ಲಿರುವ, ಮನುಷ್ಯನಿಗೆ ಅಷ್ಟು ಹತ್ತಿರದ ಪ್ರಾಣಿಯನ್ನು ಬಳಸುವುದು ನ್ಯಾಯವಲ್ಲ. ಉತ್ತರ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ, ಒಂದು ಮೃಗಾಲಯದಿಂದ.

ಮೃಗಾಲಯದಲ್ಲಿ ಸಿಕ್ಕ ಸಾಕ್ಷಿ

ವುಡ್‌ಚಕ್ ಎಂಬುದು ಉತ್ತರ ಅಮೆರಿಕದ, ನೆಲದಲ್ಲಿ ಬಿಲ ತೋಡಿ ಬಾಳುವ, ಚಳಿಗಾಲವಿಡೀ ನಿದ್ರಿಸುವ ಪ್ರಾಣಿ. ಮೇಘಮಲೆಯ ಮರಗಳಲ್ಲಿ ಹಾರಾಡುವ ಕೆಂಜಳಿಲಿಗೆ ಅದು ದೂರದ ದಾಯಾದಿ. ಎರಡೂ ಅಳಿಲಿನ ಕುಟುಂಬದವು. ಫಿಲಡೆಲ್ಫಿಯದ ಮೃಗಾಲಯಕ್ಕೆ ಸೇರಿದ ಪ್ರಯೋಗಾಲಯದಲ್ಲಿ ಸಾಕಿದ್ದ ವುಡ್‌ಚಕ್‌ಗಳು ಯಕೃತ್ತಿನ ಕ್ಯಾನ್ಸರಿನಿಂದ ಸಾಯುತ್ತಿರುವುದನ್ನು ರಾಬರ್ಟ್ ಸ್ನೈಡರ್ ಗಮನಿಸಿದರು. ಅದೇ ಊರಿನ ಫಾಕ್ಸ್ ಚೇಸ್‌ನಲ್ಲಿ ಬ್ಲಂಬರ್ಗ್ ಅವರ ಸಂಸ್ಥೆಯಲ್ಲಿದ್ದ ಜೆಸ್ಸಿ ಸಮ್ಮರ್ಸ್ ಅವರೊಂದಿಗೆ ಸೇರಿ ನಡೆಸಿದ ಹುಡುಕಾಟದಲ್ಲಿ, 1978ರಲ್ಲಿ, ಆ ಪ್ರಾಣಿಗಳ ರಕ್ತದಲ್ಲಿ ಮನುಷ್ಯನ ಬಿ ವೈರಾಣುವಿನ ನಿಕಟ ಬಂಧುವೊಂದು ಪತ್ತೆಯಾಯಿತು. ಎರಡು ವರ್ಷಗಳಲ್ಲಿ ಬಾತುಕೋಳಿಗಳಲ್ಲೂ ಅಂಥದೇ ವೈರಾಣು ಸಿಕ್ಕಿತು.

ಬಾತುಕೋಳಿ ಮೊದಲು ದೊಡ್ಡ ಗುಟ್ಟನ್ನು ಬಿಟ್ಟುಕೊಟ್ಟಿತು. ಅದರ ಯಕೃತ್ತನ್ನು ಪರಿಶೀಲಿಸಿದ ಸಮ್ಮರ್ಸ್ ಮತ್ತು ವಿಲಿಯಂ ಮೇಸನ್ 1982ರಲ್ಲಿ, ಈ ವೈರಾಣು ತನ್ನ ಡಿಎನ್‌ಎಯಿಂದ ನೇರವಾಗಿ ಇನ್ನೊಂದು ಡಿಎನ್‌ಎಯನ್ನು ಮಾಡಿಕೊಳ್ಳುವುದಿಲ್ಲವೆಂದು ತೋರಿಸಿದರು. ಅದು ಮೊದಲು ಆರ್‌ಎನ್‌ಎ ಪ್ರತಿಯೊಂದನ್ನು ಮಾಡಿಸಿ, ಅದನ್ನು ಸಿ ಪ್ರೋಟೀನಿನ ಡಬ್ಬಿಯೊಳಗೆ ಮುಚ್ಚಿ, ಅಲ್ಲಿ ಪಾಲಿಮರೇಸ್‌ನಿಂದ ಹಿಮ್ಮುಖವಾಗಿ ಡಿಎನ್‌ಎ ಬರೆಸುತ್ತದೆ. ಇಂದು ಬಿ ವೈರಾಣುವಿಗೆ ಕೊಡುವ ಟೆನೊಫೊವಿರ್, ಎಂಟೆಕವಿರ್ ಮಾತ್ರೆಗಳು ತಡೆಯುವುದು ಈ ಹಿಮ್ಮುಖ ಬರವಣಿಗೆಯನ್ನೇ. ಅಂದರೆ ಬಾತುಕೋಳಿಯ ಯಕೃತ್ತಿನಲ್ಲಿ ಕಂಡ ಸತ್ಯವೇ ಇಂದು ಔಷಧದಂಗಡಿಯ ಮಾತ್ರೆಗೆ ತಳಹದಿ.

ಎಕ್ಸ್ ಪ್ರೋಟೀನಿನ ಗುಟ್ಟು ವುಡ್‌ಚಕ್‌ನಲ್ಲಿ ಬಯಲಾಯಿತು. ಎಕ್ಸ್ ಜೀನನ್ನು ಕೆಡಿಸಿದ ವೈರಾಣುವಿನ ವಂಶಲಿಪಿಯನ್ನು ವುಡ್‌ಚಕ್‌ಗಳ ಯಕೃತ್ತಿಗೆ ಸೇರಿಸಿ ನೋಡಿದ 1993-94ರ ಪ್ರಯೋಗಗಳಲ್ಲಿ ಸೋಂಕು ನೆಲೆಯೂರಲಿಲ್ಲ; ಕೆಡಿಸದ ವಂಶಲಿಪಿಯನ್ನು ಸೇರಿಸಿದಾಗ ನೆಲೆಯೂರಿತು. ಮುಂದೆ ಇಲಿಗಳ ಯಕೃತ್ತಿಗೆ ವೈರಾಣುವಿನ ಡಿಎನ್‌ಎಯನ್ನು ರಕ್ತನಾಳದ ಮೂಲಕ ನೇರವಾಗಿ ಸೇರಿಸುವ ವಿಧಾನ ಕೈಗೆ ಬಂದಿತು. ಆ ಇಲಿಗಳಲ್ಲೂ ಎಕ್ಸ್ ಇಲ್ಲದ ವೈರಾಣುವಿನ ವೃದ್ಧಿ ಕುಂಠಿತವಾಗಿತ್ತು. ಎಕ್ಸ್ ಪ್ರೋಟೀನನ್ನು ಬೇರೆಯಾಗಿ ಒದಗಿಸಿದಾಗ ಮತ್ತೆ ಚೇತರಿಸಿಕೊಂಡಿತು.

ಹೀಗೇಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು 2016ರಲ್ಲಿ. ನಮ್ಮ ಜೀವಕೋಶಗಳ ಕೇಂದ್ರದಲ್ಲಿ ಹೊರಗಿನಿಂದ ಬಂದ ಬಿಡಿ ಡಿಎನ್‌ಎ ಬಳೆಗಳನ್ನು ಹಿಡಿದು ಬಾಯಿ ಮುಚ್ಚಿಸುವ ಕಾವಲು ಪ್ರೋಟೀನುಗಳ ಒಂದು ಗುಂಪಿದೆ. ಎಕ್ಸ್ ಪ್ರೋಟೀನು ಜೀವಕೋಶದ್ದೇ ಕಸ ವಿಲೇವಾರಿ ವ್ಯವಸ್ಥೆಯನ್ನು ಎತ್ತಿಕಟ್ಟಿ ಆ ಕಾವಲನ್ನೇ ನಾಶಮಾಡಿಸುತ್ತದೆ. ಕಳ್ಳನು ಮನೆಯ ಆಳಿನ ಕೈಯಿಂದಲೇ ಕಾವಲು ನಾಯಿಯನ್ನು ಕೊಲ್ಲಿಸಿದಂತೆ.

ಇ ಪ್ರತಿಜನಕದ ವಿಚಾರ ಇನ್ನಷ್ಟು ಸೋಜಿಗದ್ದು. ವೈರಾಣುವಿನ ವೃದ್ಧಿಗೆ ಅದು ಬೇಕೇ ಇಲ್ಲವೆಂದು ವುಡ್‌ಚಕ್ ಪ್ರಯೋಗಗಳು ತೋರಿಸಿದವು. ಬೇಡದ ವಸ್ತುವನ್ನು ಇಷ್ಟು ಚಿಕ್ಕ ವಂಶಲಿಪಿ ಏಕೆ ಹೊತ್ತು ತಿರುಗಬೇಕು? 1990ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನವೊಂದು ದಾರಿ ತೋರಿತು. ತಾಯಿ ಇಲಿಯ ರಕ್ತದಲ್ಲಿನ ಇ ಪ್ರತಿಜನಕ ಗರ್ಭದೊಳಗಿನ ಮರಿಗಳನ್ನು ಮುಟ್ಟಿ, ಅವುಗಳ ರೋಗನಿರೋಧಕ ವ್ಯವಸ್ಥೆಗೆ ‘ಇದು ನಮ್ಮದೇ’ ಎಂಬ ತಪ್ಪು ಪಾಠವನ್ನು ಕಲಿಸುವಂತೆ ಕಂಡಿತು. ಹುಟ್ಟುವಾಗ ಸೋಂಕು ತಗುಲಿದ ಶಿಶುಗಳ ಶರೀರ ವೈರಾಣುವಿನ ಮೇಲೆ ಯುದ್ಧವನ್ನೇ ಹೂಡದೆ ಸುಮ್ಮನಿರುವುದಕ್ಕೆ ಇದು ಒಂದು ವಿವರಣೆ. ವೈರಾಣು ಒಂದು ತಲೆಮಾರಿನಲ್ಲಿ ಗೆಲ್ಲುವುದಕ್ಕಿಂತ ಮುಂದಿನ ತಲೆಮಾರಿಗೆ ದಾಟುವುದಕ್ಕೇ ಹೆಚ್ಚು ಸಿದ್ಧತೆ ಮಾಡಿಕೊಂಡಿದೆ.

ಇನ್ನು ಹೊರಕವಚದ ಪ್ರೋಟೀನು. ಸೋಂಕಿತರ ರಕ್ತದಲ್ಲಿ ನಿಜವಾದ ವೈರಾಣು ಒಂದಿದ್ದರೆ, ಒಳಗೆ ಏನೂ ಇಲ್ಲದ ಬರಿಯ ಕವಚದ ಕಣಗಳು ಸಾವಿರಕ್ಕೂ ಹೆಚ್ಚು ತೇಲುತ್ತಿರುತ್ತವೆ. ಈ ಹುಸಿಪಡೆಯ ಮೇಲೆ ಮುಗಿಬಿದ್ದು ಶರೀರದ ಪ್ರತಿಕಾಯಗಳು ವ್ಯರ್ಥವಾಗುತ್ತವೆ. ಅದೇ ಕವಚದ ಒಂದು ತುದಿ ಯಕೃತ್ತಿನ ಬಾಗಿಲಿಗೆ ಕೀಲಿಯೂ ಹೌದು. ಅಳಿಲನ್ನು ಹೋಲುವ ಟುಪಾಯ ಎಂಬ ಏಷ್ಯದ ಪುಟ್ಟ ಪ್ರಾಣಿಗೆ ಬಿ ವೈರಾಣು ತಗುಲುತ್ತದೆ. ಅದರ ಯಕೃತ್ತಿನ ಕೋಶಗಳನ್ನು ಬಳಸಿ ಬೀಜಿಂಗಿನ ವೆನ್‌ಹುಯಿ ಲಿ ಅವರ ತಂಡ 2012ರಲ್ಲಿ ಆ ಬಾಗಿಲನ್ನು ಗುರುತಿಸಿತು: ಪಿತ್ತದ ಲವಣಗಳನ್ನು ಕೋಶದೊಳಕ್ಕೆ ಸೆಳೆದುಕೊಳ್ಳುವ ಒಂದು ಪ್ರೋಟೀನು. ಇಲಿಯಲ್ಲಿ ಆ ಪ್ರೋಟೀನಿನ ಕೆಲವೇ ಕೊಂಡಿಗಳು ಬೇರೆ. ಆದ್ದರಿಂದಲೇ ಇಲಿಯ ಬಾಗಿಲು ವೈರಾಣುವಿಗೆ ತೆರೆಯದು.

ಚೆನ್ನೈಯಿಂದ ಫಿಲಡೆಲ್ಫಿಯಕ್ಕೆ

ಈ ಪ್ರಾಣಿಗಳ ಕಥೆಯೊಳಕ್ಕೆ ಕಿರುನೆಲ್ಲಿ ಬಂದದ್ದು ಚೆನ್ನೈಯಿಂದ. ಮದ್ರಾಸ್ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿಶಾಸ್ತ್ರಜ್ಞ ಎಸ್. ಪಿ. ತ್ಯಾಗರಾಜನ್ ಮತ್ತು ಅವರ ಸಹೋದ್ಯೋಗಿಗಳು ಸಿದ್ಧ ಮತ್ತು ಆಯುರ್ವೇದ ವೈದ್ಯರು ಕಾಮಾಲೆಗೆ ಬಳಸುವ ಗಿಡಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದರು. ಕಿರುನೆಲ್ಲಿಯೂ ಗರುಗದ ಸೊಪ್ಪೂ ಪ್ರಯೋಗನಳಿಕೆಯಲ್ಲಿ ಬಿ ವೈರಾಣುವಿನ ಕವಚದ ಪ್ರೋಟೀನನ್ನು ನಿಷ್ಕ್ರಿಯಗೊಳಿಸುತ್ತವೆ ಎಂದು 1982ರಲ್ಲಿ ಅವರು ವರದಿ ಮಾಡಿದರು.

ಆ ಸುದ್ದಿ ಬ್ಲಂಬರ್ಗ್ ಅವರನ್ನು ಸೆಳೆಯಿತು. ಫಾಕ್ಸ್ ಚೇಸ್‌ನಲ್ಲಿ ಪಿ. ಎಸ್. ವೆಂಕಟೇಶ್ವರನ್, ಇರ್ವಿಂಗ್ ಮಿಲ್‌ಮನ್ ಮತ್ತು ಬ್ಲಂಬರ್ಗ್ ಕಿರುನೆಲ್ಲಿಯ ಸಾರವನ್ನು ತೆಗೆದು ಪರೀಕ್ಷಿಸಿದರು. ಅದು ಮನುಷ್ಯನ ವೈರಾಣುವಿನ ಪಾಲಿಮರೇಸ್ ಅನ್ನೂ ವುಡ್‌ಚಕ್ ವೈರಾಣುವಿನ ಪಾಲಿಮರೇಸ್ ಅನ್ನೂ ತಡೆಯಿತು. ಕವಚದ ಪ್ರೋಟೀನಿಗೂ ಅಂಟಿಕೊಂಡಿತು. ಬಳಿಕ ಸಾರವನ್ನು ವುಡ್‌ಚಕ್‌ಗಳಿಗೆ ಚುಚ್ಚಿದರು. ಹೊಸದಾಗಿ ಸೋಂಕು ತಗುಲಿದ್ದ ನಾಲ್ಕು ಪ್ರಾಣಿಗಳ ಪೈಕಿ ಮೂರರ ರಕ್ತದಿಂದ 3ರಿಂದ 6 ವಾರಗಳಲ್ಲಿ ವೈರಾಣುವಿನ ಗುರುತುಗಳು ಮರೆಯಾದವು; ಮದ್ದು ನಿಲ್ಲಿಸಿದ ಮೇಲೂ ಮರಳಿ ಬರಲಿಲ್ಲ. 1987ರಲ್ಲಿ ಈ ಫಲಿತಾಂಶ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಆ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟೂ ದೊರೆಯಿತು. ಬದುವಿನ ಗಿಡದ ಅರಿವು ಯಾರ ಸೊತ್ತು ಎಂಬ ಪ್ರಶ್ನೆಗೆ ಮುಂದೆ ಭಾರತದಲ್ಲಿ 2002ರ ಜೈವಿಕ ವೈವಿಧ್ಯ ಅಧಿನಿಯಮದಂಥ ಕಾನೂನುಗಳು ಉತ್ತರ ಹುಡುಕಬೇಕಾಯಿತು.

1988ರಲ್ಲಿ ತ್ಯಾಗರಾಜನ್ ಅವರ ತಂಡ ಚೆನ್ನೈಯಲ್ಲಿ ಮನುಷ್ಯರ ಮೇಲೆ ನಡೆಸಿದ ಪ್ರಯೋಗದ ವರದಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿತು. ಬಿ ವೈರಾಣುವನ್ನು ಹೊತ್ತಿದ್ದವರಿಗೆ 30 ದಿನ ಕಿರುನೆಲ್ಲಿಯ ಪುಡಿಯನ್ನೋ ಅದರಂತೆಯೇ ಕಾಣುವ ಹುಸಿಮದ್ದನ್ನೋ ಕೊಡಲಾಗಿತ್ತು. ಗಿಡದ ಪುಡಿ ಪಡೆದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ, ಅಂದರೆ ನೂರಕ್ಕೆ 59ರಷ್ಟು ಜನರಲ್ಲಿ, ಕವಚದ ಪ್ರತಿಜನಕ ಮರೆಯಾಗಿತ್ತು. ಹುಸಿಮದ್ದು ಪಡೆದ 23 ಮಂದಿಯಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ. ಅಜ್ಜಿಯ ಮದ್ದು ಗೆದ್ದಿತೆಂದು ಜಗತ್ತೇ ತಿರುಗಿ ನೋಡಿತು.

ಎರಡನೆಯ ಸಾಕ್ಷಿ ಹೇಳಿದ್ದು

ನ್ಯಾಯಾಲಯದಲ್ಲಿ ಒಬ್ಬ ಸಾಕ್ಷಿಯ ಮಾತು ಎಷ್ಟೇ ಬಲವಾಗಿದ್ದರೂ ಪಾಟೀಸವಾಲಿನಲ್ಲಿ ನಿಲ್ಲಬೇಕು. ಬೇರೆ ಸಾಕ್ಷಿಗಳ ಮಾತಿನೊಂದಿಗೆ ಹೊಂದಬೇಕು. ವಿಜ್ಞಾನದ ನಿಯಮವೂ ಅದೇ. ಥಾಯ್ಲೆಂಡಿನಲ್ಲಿ 1990ರಲ್ಲಿ ಅಂಥದೇ ಪ್ರಯೋಗ ನಡೆಯಿತು, ಪ್ರತಿಜನಕ ಮರೆಯಾಗಲಿಲ್ಲ. 1994ರಲ್ಲಿ ನ್ಯೂಜಿಲೆಂಡಿನಿಂದ ಬಂದ ವರದಿಯಲ್ಲೂ ಗಿಡಕ್ಕೂ ಹುಸಿಮದ್ದಿಗೂ ವ್ಯತ್ಯಾಸ ಕಾಣಲಿಲ್ಲ. ಬಾತುಕೋಳಿಗಳಿಗೆ ಕೊಟ್ಟು ನೋಡಿದವರಿಗೂ ವೈರಾಣುವನ್ನು ಹೊರದೂಡಲು ಆಗಲಿಲ್ಲ. ವೈರಾಣುವಿನ ಜೀನುಗಳನ್ನು ಸೇರಿಸಿದ ಇಲಿಗಳಲ್ಲಿ ಮಾತ್ರ, ತ್ಯಾಗರಾಜನ್ ಅವರೂ ಪಾಲ್ಗೊಂಡ ತೊಂಬತ್ತರ ದಶಕದ ಅಧ್ಯಯನಗಳಲ್ಲಿ, ಗಿಡದ ಸಾರ ವೈರಾಣುವಿನ ಆರ್‌ಎನ್‌ಎಯನ್ನು ಕುಗ್ಗಿಸಿದ್ದು ಕಂಡಿತು. 2011ರಲ್ಲಿ ಲಭ್ಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಸಮೀಕ್ಷೆ, ಹುಸಿಮದ್ದಿಗಿಂತ ಕಿರುನೆಲ್ಲಿ ಮೇಲೆಂದು ನಂಬಲು ತಕ್ಕ ಪುರಾವೆ ಇಲ್ಲವೆಂದು ತೀರ್ಮಾನಿಸಿತು.

ಹೀಗಾದದ್ದೇಕೆ? ಕಿರುನೆಲ್ಲಿ ಎಂಬ ಒಂದೇ ಹೆಸರಿನಡಿಯಲ್ಲಿ ಒಂದನ್ನೊಂದು ಹೋಲುವ ಹಲವು ಜಾತಿಯ ಗಿಡಗಳಿವೆ. ಬೆಳೆದ ಮಣ್ಣು, ಕಿತ್ತ ಕಾಲ, ಒಣಗಿಸಿದ ರೀತಿಗಳಿಗೆ ತಕ್ಕಂತೆ ಗಿಡದ ರಾಸಾಯನಿಕಗಳೂ ಬದಲಾಗುತ್ತವೆ. ಮೊದಲ ಪ್ರಯೋಗದಲ್ಲಿದ್ದ ಜನರ ಸಂಖ್ಯೆಯೂ ಚಿಕ್ಕದು, ಅವಧಿಯೂ ಚಿಕ್ಕದು. ಇವೆಲ್ಲಕ್ಕಿಂತ ಆಳವಾದ ಕಾರಣ ವೈರಾಣುವಿನ ರಚನೆಯಲ್ಲೇ ಇದೆ. ಅದರ ಡಿಎನ್‌ಎ ಯಕೃತ್ತಿನ ಕೋಶಕೇಂದ್ರದೊಳಗೆ ಭದ್ರವಾದ ಮುಚ್ಚಿದ ಬಳೆಯಾಗಿ ಕೂರುತ್ತದೆ. ರಕ್ತದಲ್ಲಿ ತೇಲುವ ಪ್ರೋಟೀನನ್ನು ಹಿಡಿದರೂ, ಪಾಲಿಮರೇಸ್ ಅನ್ನು ತಡೆದರೂ, ಆ ಬಳೆ ಹಾಗೆಯೇ ಉಳಿದು ಮತ್ತೆ ಪ್ರತಿಗಳನ್ನು ಹೊರಡಿಸಬಲ್ಲದು. ಇಂದಿನ ಅತ್ಯುತ್ತಮ ಮಾತ್ರೆಗಳಿಗೂ ಅದನ್ನು ಕಿತ್ತೊಗೆಯುವ ಶಕ್ತಿಯಿಲ್ಲ. ಅವು ವೈರಾಣುವನ್ನು ಹತೋಟಿಯಲ್ಲಿಟ್ಟು ಯಕೃತ್ತನ್ನು ಕಾಪಾಡುತ್ತವೆ. ಆದ್ದರಿಂದಲೇ ಹೆಚ್ಚಿನವರು ಅವುಗಳನ್ನು ವರ್ಷಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ.

ಪ್ರಾಣಿಗಳ ಸಾಕ್ಷ್ಯವನ್ನು ಆಯ್ದು ಓದುವುದು ಎಷ್ಟು ಅಪಾಯಕರ ಎಂಬುದನ್ನು ಆಧುನಿಕ ವೈದ್ಯವೂ ನೋವಿನಿಂದಲೇ ಕಲಿಯಿತು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಫಿಯಾಲುರಿಡಿನ್ ಎಂಬ ಹೊಸ ಔಷಧವನ್ನು 15 ಮಂದಿ ಬಿ ರೋಗಿಗಳಿಗೆ ಕೊಡಲಾಯಿತು. ಸಾಮಾನ್ಯ ಪ್ರಯೋಗಪ್ರಾಣಿಗಳಲ್ಲಿ ಅಂಥ ವಿಷಲಕ್ಷಣ ಕಂಡಿರಲಿಲ್ಲ. ಆದರೆ ಏಳು ಮಂದಿಯ ಯಕೃತ್ತು ಸೋತಿತು. ಐವರು ಸತ್ತರು, ಇಬ್ಬರು ಯಕೃತ್ತಿನ ಕಸಿಯಿಂದ ಬದುಕಿದರು. ಅದೇ ಔಷಧವನ್ನು ಬಳಿಕ ವುಡ್‌ಚಕ್‌ಗಳಿಗೆ ಹೆಚ್ಚು ಕಾಲ ಕೊಟ್ಟು ನೋಡಿದಾಗ ಅವುಗಳಲ್ಲೂ ಅದೇ ತಡವಾದ ವಿಷ ಕಾಣಿಸಿಕೊಂಡಿತು. ಎಂಟೆಕವಿರ್ ವಿಷಯದಲ್ಲಿ ಆ ಪಾಠ ಫಲ ಕೊಟ್ಟಿತು. ದೀರ್ಘಕಾಲ ಅದನ್ನು ಪಡೆದ ವುಡ್‌ಚಕ್‌ಗಳಲ್ಲಿ ಕ್ಯಾನ್ಸರ್ ತಡವಾಯಿತು, ಆಯುಸ್ಸು ಹೆಚ್ಚಿತು. ಮುಂದೆ ಅದು ಮನುಷ್ಯರ ಔಷಧವಾಯಿತು.

ಮನೆಯಲ್ಲಿ ಮಾಡಬೇಕಾದ್ದು

ಹಾಗಾದರೆ ಕಿರುನೆಲ್ಲಿಯನ್ನು ಹೀಗಳೆಯಬೇಕೆ? ಬೇಕಿಲ್ಲ. ಹಿರಿಯರ ಅರಿವನ್ನು ಗೌರವಿಸಿದ್ದರಿಂದಲೇ ಅದಕ್ಕೆ ಜಗತ್ತಿನ ಅತ್ಯಂತ ಕಠಿಣ ಪರೀಕ್ಷೆ ನಡೆಯಿತು. ಆದರೆ ಪರೀಕ್ಷೆಯ ಫಲಿತಾಂಶವನ್ನೂ ಅದೇ ಗೌರವದಿಂದ ಒಪ್ಪಬೇಕು. ಕಾನೂನಿನ ನಿಲುವೂ ಇದೇ: 1945ರ ಔಷಧ ನಿಯಮಗಳ ಜೆ ಅನುಸೂಚಿಯಲ್ಲಿ ಕಾಮಾಲೆ ಮತ್ತು ಯಕೃತ್ತಿನ ರೋಗಗಳ ಹೆಸರಿದೆ, ಆ ಅನುಸೂಚಿಯ ರೋಗಗಳನ್ನು ವಾಸಿಮಾಡುತ್ತದೆ ಎಂದು ಔಷಧದ ಹೆಸರಿನಲ್ಲಿ ಹೇಳಿಕೊಳ್ಳುವುದನ್ನು 106ನೆಯ ನಿಯಮ ತಡೆಯುತ್ತದೆ.

ಕಾಮಾಲೆ ಕಂಡರೆ ಮೊದಲ ಕೆಲಸ ರಕ್ತಪರೀಕ್ಷೆ. ಯಾವ ವೈರಾಣು, ಅಥವಾ ವೈರಾಣುವೇ ಅಲ್ಲವೋ ಎಂಬುದು ತಿಳಿಯದೆ ಪಥ್ಯದಿಂದ ಪ್ರಯೋಜನವಿಲ್ಲ. ರೋಗಿಗೆ ಮಂಪರು ಕವಿದರೆ, ಮಾತು ತಪ್ಪಿದರೆ, ರಕ್ತಸ್ರಾವವಾದರೆ, ಅಥವಾ ರೋಗಿ ಗರ್ಭಿಣಿಯಾಗಿದ್ದರೆ ಒಂದು ಗಂಟೆಯನ್ನೂ ಕಳೆಯದೆ ಆಸ್ಪತ್ರೆಗೆ ಸೇರಿಸಬೇಕು. ತೇನಿಯಲ್ಲೂ ದಿಂಡಿಗಲ್ಲಿನಲ್ಲೂ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಬಿ ಮತ್ತು ಸಿ ವೈರಾಣುಗಳ ಪರೀಕ್ಷೆಯೂ ಔಷಧವೂ ಉಚಿತ.

ಬಿ ವೈರಾಣುವಿಗೆ ನಿಜವಾದ ತಡೆ ಲಸಿಕೆ. ವೈರಾಣು ಹುಸಿಪಡೆಯಾಗಿ ತೇಲಿಬಿಡುತ್ತಿದ್ದ ಅದೇ ಕವಚದ ಪ್ರೋಟೀನನ್ನು ಯೀಸ್ಟಿನಲ್ಲಿ ತಯಾರಿಸಿ ಶರೀರಕ್ಕೆ ಮೊದಲೇ ತೋರಿಸಿಬಿಡುವುದು ಅದರ ತತ್ತ್ವ. ಶತ್ರುವಿನ ವೇಷವನ್ನೇ ಕಾವಲುಗಾರನಿಗೆ ಗುರುತಾಗಿ ಕೊಟ್ಟಂತೆ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಭಾರತದಲ್ಲೇ ಅದನ್ನು ತಯಾರಿಸಿದ ಮೇಲೆ ಬೆಲೆ ಇಳಿಯಿತು. 2007-08ರಲ್ಲಿ ತಮಿಳುನಾಡು, ಕರ್ನಾಟಕ, ಕೇರಳಗಳು ಸೇರಿದಂತೆ ಹತ್ತು ರಾಜ್ಯಗಳ ಸರಕಾರಿ ಲಸಿಕೆ ಕಾರ್ಯಕ್ರಮಕ್ಕೆ ಅದು ಸೇರಿತು. 2011ರ ಡಿಸೆಂಬರಿನಲ್ಲಿ ಐದು ರೋಗಗಳ ತಡೆಯನ್ನು ಒಂದೇ ಚುಚ್ಚುಮದ್ದಿನಲ್ಲಿ ಕೊಡುವ ಲಸಿಕೆ ಭಾರತದಲ್ಲಿ ಮೊದಲು ಬಂದದ್ದು ತಮಿಳುನಾಡಿಗೂ ಕೇರಳಕ್ಕೂ.

ಮೊದಲ ಚುಚ್ಚುಮದ್ದು ಹುಟ್ಟಿದ 24 ಗಂಟೆಗಳೊಳಗೆ ಬೀಳಬೇಕು. ಉಳಿದವು 6, 10, 14ನೆಯ ವಾರಗಳಲ್ಲಿ. ತಾಯಿಯಲ್ಲಿ ವೈರಾಣು ಇದ್ದರೆ ಮಗುವಿಗೆ ಅದೇ ಹೊತ್ತಿನಲ್ಲಿ ಪ್ರತಿಕಾಯದ ಚುಚ್ಚುಮದ್ದನ್ನೂ ಕೊಡುತ್ತಾರೆ. ಈ 24 ಗಂಟೆಗಳ ಮಹತ್ತ್ವವೇನೆಂಬುದನ್ನು ಇ ಪ್ರತಿಜನಕದ ಕಥೆ ಹೇಳಿದೆ: ವೈರಾಣು ಕಾಯುತ್ತಿರುವುದು ಆ ಹೊತ್ತಿಗೇ. ಗರ್ಭಿಣಿಯ ರಕ್ತಪರೀಕ್ಷೆಯನ್ನು ಯಾವ ಕಾರಣಕ್ಕೂ ಬಿಡಬಾರದು. 2007ಕ್ಕೆ ಮೊದಲು ಹುಟ್ಟಿದ ಮಕ್ಕಳೂ ಅವರ ತಂದೆತಾಯಿಯರೂ ಲಸಿಕೆ ಪಡೆದಿರದಿರುವ ಸಂಭವವೇ ಹೆಚ್ಚು. ವೈದ್ಯರ ಸಲಹೆ ಪಡೆದು, ಪರೀಕ್ಷಿಸಿಕೊಂಡು, ಮೂರು ಚುಚ್ಚುಮದ್ದುಗಳನ್ನು ಹಾಕಿಸಿಕೊಳ್ಳಬಹುದು.

ಶಾಲೆಗೆ ಮಕ್ಕಳನ್ನು ಕಳಿಸುವ ಮನೆಗಳು ಇನ್ನೊಂದು ಮಾತನ್ನು ನೆನಪಿಡಬೇಕು. ಬಿ ವೈರಾಣು ಒಂದೇ ಬೆಂಚಿನಲ್ಲಿ ಕುಳಿತರೆ, ಒಟ್ಟಿಗೆ ಉಂಡರೆ, ಕೈ ಹಿಡಿದು ಆಡಿದರೆ ಹರಡುವುದಿಲ್ಲ. ವೈರಾಣುವಿರುವ ಮಗುವನ್ನು ದೂರ ಕೂರಿಸುವುದು ಅಜ್ಞಾನವೂ ಹೌದು, ಅನ್ಯಾಯವೂ ಹೌದು. ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್ಷು, ಕಿವಿ ಚುಚ್ಚುವ ಸೂಜಿ, ಇವುಗಳನ್ನು ಹಂಚಿಕೊಳ್ಳದಿದ್ದರೆ ಸಾಕು.

ಕಂಬಂ ಕಣಿವೆಯ ಬದುಗಳಲ್ಲಿ ಕಿರುನೆಲ್ಲಿ ಮುಂದಿನ ಮಳೆಗೂ ಚಿಗುರುತ್ತದೆ. ಅಜ್ಜಿಯರು ಮೊಮ್ಮಕ್ಕಳಿಗೆ ಅದರ ಹೆಸರನ್ನು ಕನ್ನಡದಲ್ಲೂ ತಮಿಳಿನಲ್ಲೂ ಕಲಿಸಲಿ. ಎಲೆಯ ಕೆಳಗಿನ ಕಾಯಿಯನ್ನು ತೋರಿಸಲಿ. ಅದೇ ಮೊಮ್ಮಕ್ಕಳ ಲಸಿಕೆ ಚೀಟಿಯಲ್ಲಿ ಹುಟ್ಟಿದ ದಿನದ ಚುಚ್ಚುಮದ್ದಿನ ಗುರುತು ಇದೆಯೇ ಎಂದು ಮನೆಯವರು ಇವತ್ತೇ ತೆಗೆದು ನೋಡಲಿ.